ನಾಲ್ಕನೇ ಬಾಟಲಿ

“ಇಲ್ಲಿ ನೋಡಿ ಮಿಸ್, ನಾಲ್ಕನೇದು!”

ಪೆನ್ಸಿಲ್ ಎಂಬ ಅಡ್ಡಹೆಸರಿನ ಹುಡುಗಿ ಬಾಟಲಿಗೆ ಮೂರು ಹನಿ ಔಷಧಿ ಬಿಟ್ಟು ಅಲುಗಾಡಿಸಿದಳು. ಕೆರೆಯ ನೀರು ಮೊದಲು ಗುಲಾಬಿಯಾಯಿತು, ಆಮೇಲೆ ಕೆಂಪಾಯಿತು. ಉಳಿದ ನಾಲ್ಕು ಬಾಟಲಿಗಳಲ್ಲಿ ಬಣ್ಣವೇ ಬಂದಿರಲಿಲ್ಲ. ಇಡೀ ಕ್ಲಾಸು “ಓ...” ಎಂದಿತು.

“ಕೊಳೆ ಜಾಸ್ತಿ ಇದ್ದಷ್ಟೂ ಕೆಂಪು ಜಾಸ್ತಿ,” ಎಂದರು ವಿಜ್ಞಾನದ ಮಿಸ್. “ಕೆರೆ ಸುತ್ತ ಐದು ಕಡೆಯಿಂದ ನೀರು ತಂದಿದೀಯ. ಶಭಾಷ್! ಶನಿವಾರದ ಸ್ಪರ್ಧೆಗೆ ಇದೇ ಹೋಗಲಿ.”

ಹಿಂದಿನ ಬೆಂಚಿನಲ್ಲಿದ್ದ ಗಿರಗಿಟ್ಲೆಗೆ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಯಿತು.

ಒಂದು ಕಡೆ ಕೂರದೆ ಗಿರ್ರನೆ ತಿರುಗುತ್ತಾಳೆಂದು ಅವಳಿಗೆ ಆ ಹೆಸರು. ಕಡ್ಡಿಯ ಹಾಗಿದ್ದು ಸದಾ ಏನಾದರೂ ಬರೆಯುತ್ತಾಳೆಂದು ಅವಳ ಗೆಳತಿಗೆ ಪೆನ್ಸಿಲ್ ಎಂಬ ಹೆಸರು. ಒಂದನೇ ಕ್ಲಾಸಿನಿಂದ ಇಬ್ಬರೂ ಜೊತೆ. ಆದರೆ ವಿಜ್ಞಾನದಲ್ಲಿ ಫಸ್ಟ್ ಯಾವಾಗಲೂ ಗಿರಗಿಟ್ಲೆಯೇ. ಈ ಸಲ ಅವಳು ಮಾಡಿದ ರಟ್ಟಿನ ಜ್ವಾಲಾಮುಖಿ ಒಮ್ಮೆ ‘ಬುಸ್’ ಎಂದು ಮಗುಚಿ ಬಿದ್ದಿತ್ತು. “ಪರವಾಗಿಲ್ಲ ಬಿಡು,” ಎಂದಿದ್ದರು ಮಿಸ್. ಪರವಾಗಿಲ್ಲವಂತೆ!

ಗೋಡೆಯ ಮೇಲೆ ಪೆನ್ಸಿಲ್ ಬರೆದ ಕೆರೆಯ ಚಾರ್ಟ್ ಇತ್ತು; ನೀರು ತಂದ ಕಡೆಗೆಲ್ಲ ಒಂದೊಂದು ಚುಕ್ಕಿ. ನಾಲ್ಕನೇ ಚುಕ್ಕಿಯ ಪಕ್ಕದಲ್ಲಿ ಕಲ್ಲಿನ ಮೆಟ್ಟಿಲು, ಒಂದು ಮುರುಕು ಬೇಲಿ. ಗಿರಗಿಟ್ಲೆಗೆ ತಕ್ಷಣ ಗೊತ್ತಾಯಿತು. ಅದು ಅವರ ಮನೆಯ ಕೊಟ್ಟಿಗೆಯ ಹಿಂಭಾಗ! ಅಪ್ಪ ಸಾಕಿದ ಹದಿನಾಲ್ಕು ಹಸುಗಳ ಸಗಣಿಯನ್ನೆಲ್ಲ ಒಟ್ಟುವ ತಿಪ್ಪೆ ಇರುವುದೂ ಅಲ್ಲೇ.

“ನಾಳೆ ಇನ್ನೊಂದು ಸಲ ನೀರು ತಂದು ನೋಡೋಣ,” ಎಂದರು ಮಿಸ್. “ಎರಡು ಸಲವೂ ಹೀಗೇ ಬಂದ್ರೆ ಗ್ಯಾರಂಟಿ.”

“ನಾಲ್ಕನೇದು ನಾನು ತರ್ತೀನಿ ಮಿಸ್!” ಗಿರಗಿಟ್ಲೆ ಎದ್ದು ನಿಂತಳು. “ನಮ್ಮನೆ ಹತ್ರಾನೇ ಇದೆ.”

ಪೆನ್ಸಿಲ್ ಒಂದು ಕ್ಷಣ ಅವಳನ್ನೇ ನೋಡಿದಳು. “ಥ್ಯಾಂಕ್ಸ್ ಕಣೇ,” ಎಂದಳು.

ಮರುದಿನ ಬೆಳಿಗ್ಗೆ ಗಿರಗಿಟ್ಲೆ ಕೆರೆಯ ಕಡೆ ಹೋಗಲೇ ಇಲ್ಲ. ಅಡುಗೆಮನೆಯ ನಲ್ಲಿಯಲ್ಲಿ ಬಾಟಲಿ ತುಂಬಿದಳು. ಕೆರೆ ನೀರಿನ ಹಾಗೆ ಕಾಣಲೆಂದು ಒಂದು ಚಿಟಿಕೆ ಮಣ್ಣು ಹಾಕಿದಳು.

ಕ್ಲಾಸಿನಲ್ಲಿ ಮೂರು ಹನಿ ಬಿತ್ತು. ಬಣ್ಣ ಬರಲಿಲ್ಲ. ಇನ್ನೂ ಮೂರು ಹನಿ. ಊಹೂಂ.

“ಮೊದಲನೇ ಸಲ ಬಾಟಲಿ ಸರಿಯಾಗಿ ತೊಳೆದಿದ್ಯೇನಮ್ಮಾ?” ಮಿಸ್ ಕೇಳಿದರು.

“ತೊಳೆದಿದ್ದೆ ಮಿಸ್.”

ಯಾರೋ ಕಿಸಕ್ಕನೆ ನಕ್ಕರು. ಪೆನ್ಸಿಲ್ ಚಾರ್ಟಿನ ನಾಲ್ಕನೇ ಚುಕ್ಕಿಯನ್ನು ರಬ್ಬರಿನಿಂದ ಉಜ್ಜತೊಡಗಿದಳು. ಕಾಗದ ಹರಿಯುವವರೆಗೂ ಉಜ್ಜಿದಳು.

ಗಿರಗಿಟ್ಲೆ ಗೆದ್ದಿದ್ದಳು. ಆದರೆ ಮಧ್ಯಾಹ್ನ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಟ್ಟಳು. “ಯಾಕೆ, ಹುಷಾರಿಲ್ವಾ?” ಎಂದು ಮಿಸ್ ಕೇಳಿದಾಗ, “ನಾನೇನೂ ಮಾಡಿಲ್ಲ ಮಿಸ್!” ಎಂದುಬಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ.

ಸಂಜೆ ಮನೆಗೆ ಬಂದರೆ ಕೊಟ್ಟಿಗೆಯ ಹಿಂದೆ ಯಾರೋ ಇದ್ದಾರೆ. ಪೆನ್ಸಿಲ್! ಯೂನಿಫಾರ್ಮಿನಲ್ಲೇ ಮೊಣಕಾಲುದ್ದ ನೀರಿಗಿಳಿದು ಬಾಟಲಿ ತುಂಬುತ್ತಿದ್ದಳು. ತಿಪ್ಪೆಯಿಂದ ಕಂದು ನೀರು ಸಣ್ಣ ಕಾಲುವೆಯಾಗಿ ಬೇಲಿ ದಾಟಿ ಕೆರೆಗೆ ಇಳಿಯುತ್ತಿತ್ತು. ಅದು ಸೇರುವಲ್ಲಿ ಹಸಿರು ನೊರೆ. ನೊರೆಯಲ್ಲಿ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದಿನಾ ಓಡಾಡುವ ಜಾಗ; ಗಿರಗಿಟ್ಲೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

“ಎಲ್ಲಿ ತಪ್ಪು ಮಾಡಿದೆ ಅಂತಾನೇ ಗೊತ್ತಾಗ್ತಿಲ್ಲ ಕಣೇ,” ಎಂದಳು ಪೆನ್ಸಿಲ್. ಅತ್ತು ಅವಳ ಕಣ್ಣು ಊದಿತ್ತು.

“ಇದು ನಮ್ಮ ಕೊಟ್ಟಿಗೆ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿರದೆ ಏನು? ಯಾರಾದ್ರೂ ನಿನ್ನ ಆಡ್ಕೊಂಡ್ರೆ ಅಂತ ಚಾರ್ಟಲ್ಲಿ ಬರೀಲಿಲ್ಲ.”

ಗಿರಗಿಟ್ಲೆ ನೀರಿನ ಅಂಚಿಗೆ ಇಳಿದು ನಿಂತಳು.

“ನಾನು ತಂದಿದ್ದು ನಲ್ಲಿ ನೀರು,” ಎಂದಳು.

“ಏನಂದೆ?”

“ನಲ್ಲಿ ನೀರು. ನಿಂಗೇ ಪ್ರೈಜ್ ಬಂದ್ಬಿಡತ್ತೆ ಅಂತ... ಹೊಟ್ಟೆ ಉರೀತು.”

ಪೆನ್ಸಿಲ್ ಬೈಯಲಿಲ್ಲ. ಬಾಟಲಿಗೆ ಮುಚ್ಚಳ ಹಾಕಿದಳು, ಚಪ್ಪಲಿ ಕೈಯಲ್ಲಿ ಹಿಡಿದಳು, ತಿರುಗಿ ನೋಡದೆ ಹೊರಟುಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಿರಗಿಟ್ಲೆ ಅಪ್ಪನ ಕೈ ಹಿಡಿದು ಎಳೆದುಕೊಂಡು ಬಂದಳು.

“ನಮ್ಮಪ್ಪನ ಕಾಲದಿಂದ ಇಲ್ಲೇ ಹಾಕ್ತಾ ಇದೀವಲ್ಲೇ,” ಎಂದು ಗೊಣಗಿದ ಅಪ್ಪ.

“ತಾತ ಸಾಕಿದ್ದು ಎರಡೇ ಹಸು ಅಂತ ನೀನೇ ಹೇಳಿದ್ದೆ.”

ಅಪ್ಪ ಬಗ್ಗಿ ಒಂದು ಸತ್ತ ಮೀನನ್ನು ಅಂಗೈಯಲ್ಲಿ ಎತ್ತಿ ತುಂಬ ಹೊತ್ತು ನೋಡಿದ. “ಇನ್ನು ತಿಪ್ಪೆ ಸಾರಿಸಿ ಪ್ರಯೋಜನ ಇಲ್ಲ ಮಗಳೇ. ತಿಪ್ಪೇನೇ ಎತ್ತಬೇಕು.”

ಮರುದಿನ ಗಿರಗಿಟ್ಲೆ ಇಡೀ ಕ್ಲಾಸಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಪೆನ್ಸಿಲ್ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

ಪೆನ್ಸಿಲ್ ತುಂಬಿದ್ದ ಹೊಸ ಬಾಟಲಿಯೂ ಕೆಂಪಾಯಿತು. ಶನಿವಾರ ಅವಳು ಸ್ಪರ್ಧೆಗೆ ಹೋದಳು. ಅಪ್ಪ, ಮಗಳು ತಿಪ್ಪೆ ಎತ್ತಿದರು. ಕೆರೆಯಿಂದ ದೂರ, ಎತ್ತರದ ಜಾಗದಲ್ಲಿ ಹೊಸ ಗುಂಡಿ ತೋಡಿ, ಸುತ್ತ ಮಣ್ಣಿನ ಏರಿ ಕಟ್ಟಿದರು. ಸಗಣಿ ತುಂಬಿದ ಮಂಕರಿ ಹೊತ್ತು ಹೊತ್ತು ಗಿರಗಿಟ್ಲೆಯ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಈಗ ಅಲ್ಲಿ ಯಾರು ಗೆದ್ದಿರಬಹುದು ಎಂದು ನೆನೆದಾಗಲೆಲ್ಲ ಅಸೂಯೆ ಇನ್ನೂ ಇಣುಕುತ್ತಲೇ ಇತ್ತು.

ಸಂಜೆ ಬೇಲಿಯಾಚೆ ಪೆನ್ಸಿಲ್ ಬಂದು ನಿಂತಳು. ಎದೆಯ ಮೇಲೆ ನೀಲಿ ರಿಬ್ಬನ್.

“ಸೆಕೆಂಡ್ ಬಂತು,” ಎಂದಳು. ಮುಖದಲ್ಲಿ ನಗುವಿರಲಿಲ್ಲ. ತಿಪ್ಪೆಯಿದ್ದ ಖಾಲಿ ಜಾಗವನ್ನು ಒಮ್ಮೆ ನೋಡಿದಳು. “ಮಳೆ ಬಂದ್ಮೇಲೆ ಮತ್ತೆ ಟೆಸ್ಟ್ ಮಾಡ್ಬೇಕಂತೆ. ನಾಲ್ಕನೇ ಬಾಟಲಿ ಯಾರು ತುಂಬ್ತಾರೆ?”

‘ನಾನು’ ಎಂಬ ಮಾತು ಗಿರಗಿಟ್ಲೆಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

“ನೀನೇ ತುಂಬು,” ಎಂದಳು. “ಮೆಟ್ಟಿಲು ಜಾರತ್ತೆ. ನಾನು ಕೈ ಹಿಡ್ಕೋತೀನಿ.”