ಕಿಟಕಿಯ ಕಡೆ ತಲೆಯಿಟ್ಟ ಜೇನುಗಳು

ಮಂಗಳವಾರ ಬೆಳಿಗ್ಗೆ 7.10ಕ್ಕೆ ಯಂತ್ರಜೇನು ತಯಾರಿಸುವ ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ಕಾರ್ಯಾಗಾರದ ಬೀಗ ಒಡೆದಿದೆ, ಅರವತ್ತು ಜೇನುಗಳಲ್ಲಿ ಒಂದೂ ಬಿಸಿಲಿಗೆ ಏಳುತ್ತಿಲ್ಲ. ಅವೇ ಹೂವಿಂದ ಹೂವಿಗೆ ಪರಾಗ ಒಯ್ಯಬೇಕು. ಸಂಜೆ ನಾಲ್ಕಕ್ಕೆ ಸೌತೆ ಬೆಳೆಯುವ ಗಾಜಿನ ಮನೆಯಲ್ಲಿ ಪರೀಕ್ಷೆ. ಹಾರದಿದ್ದರೆ ಮೂರು ವರ್ಷದ ದುಡಿಮೆ ನೀರಲ್ಲಿ ಹೋಮ. ಎಫ್‌ಐಆರ್ ದಾಖಲಾಯಿತು.

7.50ಕ್ಕೆ ಕಾರ್ಯಾಗಾರದಲ್ಲಿ ಪಂಚನಾಮೆ ಶುರುವಾಯಿತು. ದೂರುದಾರಳ ಅಕ್ಕ ಪಂಚರಿಗೆ ಚಹಾ ತಂದಿಟ್ಟಳು. ಜೇನುಗಳು ಕಿಟಕಿಯ ಕೆಳಗೆ ತಟ್ಟೆಗಳಲ್ಲಿದ್ದವು. ಬಿಸಿಲು ಹೀರುವ ರೆಕ್ಕೆಗಳಿಗೆ ಯಾರೋ ಕಪ್ಪು ವಾರ್ನಿಷ್ ಬಳಿದಿದ್ದರು. ಮಹಿಳಾ ಪೇದೆ ಒಂದನ್ನು ಎತ್ತಿದಳು. ರೆಕ್ಕೆ ಹರಿಯಿತು.

“ಬೆರಳೇನ್ರೀ ಅದು, ಹಾರೆಯಾ?” ಇನ್‌ಸ್ಪೆಕ್ಟರ್ ಗದರಿದರು.

“ಮುಟ್ಟಿದ್ದೇ ತಡ ಸಾರ್!”

ಉಳಿದ ಐವತ್ತೊಂಬತ್ತರಲ್ಲಿ ಒಂದೂ ಹರಿದಿರಲಿಲ್ಲ. ಬಳಿದದ್ದು ಪಳಗಿದ ಕೈ ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡರು.

“ನಿನ್ನೆ ಇವನ್ನ ಹೀಗೇ ಇಟ್ಟಿದ್ರಾ?” ದೂರುದಾರಳನ್ನು ಕೇಳಿದರು.

“ಇಲ್ಲ ಸಾರ್. ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಹೋಗಿದ್ದೆ.”

“ಎಲ್ಲದರ ತಲೆಯೂ ಕಿಟಕಿ ಕಡೆ ಇದೆಯಲ್ಲ?”

“ಹಾಗಿಟ್ಟರೆ ಬೆಳಿಗ್ಗೆ ಬೇಗ ಏಳ್ತವೆ. ನಾನು ಹೆಂಗೆಂಗೋ ಇಟ್ಟು ಬೈಸ್ಕೊತೀನಿ. ಹಾಗೆ ಇಡೋದು ಅಕ್ಕ…”

ಮಾತು ಅಲ್ಲಿಗೇ ನಿಂತಿತು. ಇನ್‌ಸ್ಪೆಕ್ಟರ್ ಲೋಟ ಹಿಡಿದಿದ್ದ ಅಕ್ಕನ ಕೈ ನೋಡಿದರು. ಅವಳ ಉಗುರಿನ ಸಂದಿಯಲ್ಲಿ ಕಪ್ಪಿತ್ತು.

“ಬೀಗ ಒಡೆದಿದ್ದು?” ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿದರು.

“ನಾನೇ. ಕಳ್ಳರು ಅಂದ್ಕೊಳ್ಳಲಿ ಅಂತ.”

“ಏಳಬಾರದು ಅಂತ ಬಣ್ಣ ಬಳಿದೋರು, ಏಳೋ ಹಾಗೆ ಯಾಕಮ್ಮ ಇಟ್ರಿ?”

“ಗೊತ್ತಾಗಲಿಲ್ಲ ಸಾರ್. ಕೈ ತಾನೇ ತಿರುಗಿಸಿ ಇಟ್ಟುಬಿಡ್ತು.”

9.25ಕ್ಕೆ ಬಂಧನವಾಯಿತು. ಸಾಕ್ಷ್ಯಕ್ಕೆ ಹರಿದ ಜೇನೊಂದನ್ನೇ ವಶಕ್ಕೆ ತೆಗೆದುಕೊಂಡರು. ಜೀಪು ಹತ್ತುವಾಗ ಅಕ್ಕ ಹಿಂತಿರುಗಿದಳು. “ಸ್ಪಿರಿಟ್‌ನಲ್ಲಿ ಅದ್ದು, ಬಣ್ಣ ಬಿಡುತ್ತೆ. ಉಜ್ಜಬೇಡ್ವೇ, ಹರಿಯುತ್ತೆ.” ತಂಗಿ ಮುಖ ಎತ್ತದೆ ಸ್ಪಿರಿಟ್ ತರಲು ಒಳಗೆ ಹೋದಳು.

ಅಕ್ಕನ ಹೇಳಿಕೆ ಅರ್ಧ ಪುಟವನ್ನೂ ತುಂಬಲಿಲ್ಲ. ‘ರೆಕ್ಕೆ ಅಂಟಿಸೋದು ಕಲಿಸಿದ್ದು ನಾನು. ಬಂದೋರೆಲ್ಲ ತಂಗಿ ಎಲ್ಲಿ ಅಂತಾರೆ. ಅಪ್ಪನೂ ಹಾಗೇ. ನನ್ನ ಹತ್ರ ಚಹಾ ಕೇಳ್ತಾರೆ.’

ಸಂಜೆ 4.20ಕ್ಕೆ ಠಾಣೆಯ ಫೋನು ರಿಂಗಾಯಿತು. ಪೇದೆ ಲಾಕಪ್ಪಿನ ಬಳಿ ಬಂದಳು.

“ಐವತ್ತೊಂಬತ್ತೂ ಹಾರಿದ್ವಂತೆ, ಅಕ್ಕ.”

ಅಕ್ಕನ ಮುಖ ಅರಳಿತು. “ಪರೀಕ್ಷೆ ಮಾಡಿದೋರು ರೆಕ್ಕೆ ನೋಡಿ ಏನಂದ್ರಂತೆ?”

ಪೇದೆ ತಡವರಿಸಿದಳು. “ನಿಮ್ಮ ತಂಗಿ ಕೈ ಚಿನ್ನ ಅಂದ್ರಂತೆ.”

ಅಕ್ಕ ಗೋಡೆಯ ಕಡೆ ತಿರುಗಿ ಕುಳಿತಳು. ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ‘ಕಾರಣ: ಹೊಟ್ಟೆಕಿಚ್ಚು’ ಎಂದು ಬರೆದರು. ಅಷ್ಟೇ ಬರೆದರೆ ಸಾಕೇ ಎಂದು ಸ್ವಲ್ಪ ಹೊತ್ತು ಪೆನ್ನು ಹಿಡಿದೇ ಕುಳಿತಿದ್ದರು.