ಕರ್ತೃವನ್ನರಸುವ ಗೊಂಬೆ

"ಅದರ ಕೆಳಗ ಮಾಡಿದವರ ಹೆಸರು ಬರೀಬ್ಯಾಡ್ರಿ, ಸರ. ಗೊತ್ತಿಲ್ಲ ಅಂತನ ಇರ್ಲಿ," ಎಂದರು ಜಂಬಯ್ಯನವರು.

ಹರಪನಹಳ್ಳಿಯ ಆ ಪುಟ್ಟ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವರು ವೃದ್ಧರಾದ ಅವರೇ. ಅಲ್ಲಿನ ಶಿಲ್ಪಗಳ ಕಾಲವನ್ನೂ ಕರ್ತೃಗಳನ್ನೂ ನಿರ್ಣಯಿಸಲು ೧೯೯೮ರ ಮಾಘದಲ್ಲಿ ಮೈಸೂರಿನಿಂದ ಬಂದವನು ಪಾಲಾಕ್ಷ. ಅವರೆದುರಿಗಿದ್ದುದು ಮೊಳದುದ್ದದ ಮರದ ಹೆಣ್ಣುಗೊಂಬೆ. ಎರಡು ಅಂಗೈ, ಕೊರಳು, ಎದೆ, ಇಷ್ಟೂ ಕಡೆ ಕಬ್ಬಿಣದ ಮೊಳೆಗಳು ಅರ್ಧ ಇಳಿದು ನಿಂತಿದ್ದವು. ಹಳಸಿದ ಎಣ್ಣೆಯ, ಸುಟ್ಟ ಕೂದಲಿನ ವಾಸನೆ ಗಾಜಿನ ಪೆಟ್ಟಿಗೆಯನ್ನೂ ದಾಟಿ ಬರುತ್ತಿತ್ತು.

"ಯಾಕೆ? ಗೊಂಬೆಗೆ ಅಕ್ಷರಾಭ್ಯಾಸವಾಗಿದೆಯೇ?"

"ನಗಬ್ಯಾಡ್ರಿ. ಮಾಟಕ್ಕ ಮಾಡಿದ್ದು ಇದು. ತನ್ನ ಮಾಡಿದವನ್ನ ಹುಡುಕತೈತಿ. ಹೆಸರು ಸಿಕ್ಕರ ಈ ನೋವೆಲ್ಲ ಅವನ ಮನಿಗೆ ತಿರುಗತೈತಿ."

ಹೆಸರೆಂದರೆ ಆವಾಹನೆ, ಹೆಸರಿಟ್ಟು ಕರೆದದ್ದು ಬಾರದಿರದು ಎಂಬುದು ಹಿರಿಯರ ಶ್ರದ್ಧೆ. ಪಾಲಾಕ್ಷನಿಗೆ ಅದು ಮೂಢರ ಹರಟೆ. ಇಟ್ಟಿಗಿಯ ಗುಡಿಯೊಂದರಲ್ಲಿ, ಅಲ್ಲಿನ ಬಡಿಗೇರರು ಕೆತ್ತಿದ ಬಾಗಿಲುವಾಡದ ಮೇಲೆ, ಎಡಕ್ಕೆ ಹೊರಳಿದ ತಾವರೆಯೆಸಳುಗಳನ್ನು ಅವನು ಕಂಡಿದ್ದ. ಗೊಂಬೆಯ ಕೊರಳಹಾರದಲ್ಲಿಯೂ ಅವೇ ಎಸಳುಗಳು. ಒಬ್ಬರ ಮಾದರಿಯನ್ನು ಇನ್ನೊಬ್ಬರು ಅನುಸರಿಸುವುದು ಕುಶಲಕರ್ಮಿಗಳ ರೂಢಿಯೆಂದು ಬಲ್ಲವನೇ ಅವನು. ಆದರೂ ನಿರ್ಣಯದ ಹಂಬಲ ವಿವೇಕವನ್ನು ಹಿಂದಿಕ್ಕಿತು. ಗಾಜಿನ ಕೆಳಗಿನ ಹಣೆಪಟ್ಟಿಯಲ್ಲಿ ಬರೆದ: 'ಕರ್ತೃ: ಇಟ್ಟಿಗಿಯ ಬಡಿಗೇರ ಮನೆತನ.'

ಆ ಮನೆತನದಲ್ಲಿ ಉಳಿದಿದ್ದವನು ಮೌನೇಶಪ್ಪನೊಬ್ಬನೇ.

ವಾರ ಕಳೆಯುವಷ್ಟರಲ್ಲಿ, ಪಟ್ಟಿಯ ಸುದ್ದಿ ಕೇಳಿ, ಅವನ ಹೆಂಡತಿ ನಾಗಕ್ಕ ಬಂದಳು. ಬಿರುಬಿಸಿಲ ಮಧ್ಯಾಹ್ನ, ಒಳಗೆ ಕಿಟಕಿಗಳು ಮುಚ್ಚಿದ್ದರಿಂದ ಕತ್ತಲೆ. ಹೊಸ್ತಿಲಲ್ಲೇ ಕುಸಿದು ಕೂತಳು.

"ಯಾರ್ರಿ ನಮ್ಮ ಹೆಸರು ಬರದೋರು?"

"ನಾನೇ. ಏನಾಯಿತಮ್ಮ?"

"ಉಳಿ ಹಿಡಿಯೋ ಕೈ ಎರಡೂ ಮಡಚಿಕ್ಯಂಡು ಕುಂತಾವ. ನಿನ್ನಿಯಿಂದ ಮಾತಿಲ್ಲ, ನೀರು ಸೈತ ಇಳಿಯವಲ್ದು. ಈಗ ಎದಿ ಹಿಡಕಂಡು ಹೊರಳ್ಯಾಡಾಕ ಹತ್ಯಾನ. ದೊಡ್ಡೋರು ಅದೀರಿ, ನನ್ನ ಗಂಡನ್ನ ಬಿಟ್ಟುಬಿಡ್ರಿ."

ಪಾಲಾಕ್ಷ ಪೆಟ್ಟಿಗೆಯತ್ತ ತಿರುಗಿದ. ಅಂಗೈಯ ಮೊಳೆಗಳು ತಲೆಮಟ್ಟ ಇಳಿದಿದ್ದವು. ಕೊರಳಿನದೂ ಇಳಿದಿತ್ತು. ಎದೆಯ ಮೊಳೆ ಮಾತ್ರ ಒಂದು ಗೋಧಿಯಷ್ಟು ಹೊರಗಿತ್ತು.

ಕಿರ್... ಒಣಮರ ನರಳಿತು. ಮೊಳೆ ಮತ್ತಷ್ಟು ಇಳಿಯಿತು.

ಅವನು ಹಣೆಪಟ್ಟಿಯನ್ನು ಕಿತ್ತು ಹರಿದ. ಕಿರ್... ನಿಲ್ಲಲಿಲ್ಲ.

"ಹರಿದರ ಹೋಗೂದಿಲ್ಲ," ಎಂದರು ಜಂಬಯ್ಯನವರು. ಅವರ ದನಿ ಉಡುಗಿತ್ತು. "ಹೆಸರಿನ ರುಚಿ ಹತ್ತೇತಿ. ಈ ಹೆಸರು ಬಿಡಬೇಕಂದ್ರ ಅದಕ್ಕ ಇನ್ನೊಂದು ಹೆಸರು ಬೇಕು."

"ಯಾರದು?"

ನಾಗಕ್ಕ ನೆಲ ನೋಡುತ್ತಿದ್ದಳು. ಹೊರಗೆ ಕಾಗೆಗಳ ಸದ್ದೂ ಅಡಗಿತ್ತು. ಎಣ್ಣೆಯ ವಾಸನೆ ಗಂಟಲಿಗೆ ಅಡರಿತು. ಮೊಳೆ ಈಗ ಎಳ್ಳಿನಷ್ಟು ಉಳಿದಿತ್ತು. ಕಿರ್... ಅವನು ಹೊಸ ಪಟ್ಟಿ ಎಳೆದುಕೊಂಡ. ಬರೆದ. ಗಾಜಿನ ಕೆಳಗೆ ತುರುಕಿದ.

'ಕರ್ತೃ: ಪಾಲಾಕ್ಷ.'

ಸದ್ದು ನಿಂತಿತು. ಮೊಳೆಗಳೆಲ್ಲವೂ ಮೆಲ್ಲನೆ ಮೇಲೆದ್ದು, ಮೊದಲಿನಂತೆ ಅರ್ಧಕ್ಕೆ ಬಂದು ನಿಂತವು.

ಸಂಜೆ ಇಟ್ಟಿಗಿಯಿಂದ ಫೋನು ಬಂತು. ಮೌನೇಶಪ್ಪ ಮಡಚಿದ ಕೈ ಬಿಚ್ಚಿ, ನೀರು ಕೇಳಿ ಕುಡಿದಿದ್ದ. ನಾಗಕ್ಕ ಪಾಲಾಕ್ಷನ ಕಾಲಿಗೆರಗಿ, ಅಳುತ್ತ ಬಸ್ಸು ಹತ್ತಿದಳು.

ಪಾಲಾಕ್ಷ ತನ್ನ ಅಂಗೈಗಳನ್ನೇ ನೋಡುತ್ತ ನೋವಿಗಾಗಿ ಕಾದ. ನೋವು ಬರಲಿಲ್ಲ. ಬಂದದ್ದು ನೆನಪು.

ಮೊದಲು ಮರದ ಹಸಿ ಕಂಪು. ಆಮೇಲೆ ಉಳಿಯ ಹಿಡಿತ. ಉಳಿಯನ್ನೆಂದೂ ಮುಟ್ಟದ ಅವನ ಬೆರಳಿಗೆ ಅದರ ತೂಕ ತಿಳಿದಿತ್ತು. ತಾವರೆಯೆಸಳನ್ನು ಎಡಕ್ಕೆ ಹೊರಳಿಸಿದ್ದು ಏಕೆಂದು ತಿಳಿದಿತ್ತು: ಮಾಟ ಯಾರ ಮೇಲಿತ್ತೋ ಆಕೆ ಹೂ ಮುಡಿಯುತ್ತಿದ್ದುದು ಹಾಗೆ. ಆಕೆಯ ತಲೆಗೂದಲನ್ನು ಸುಟ್ಟದ್ದು ನೆನಪಾಯಿತು. ಒಂದೊಂದು ಮೊಳೆಗೂ ಆಕೆಯ ಹೆಸರು ಹಿಡಿದು ಕರೆದದ್ದು. ಗೋಡೆಯಾಚೆ ಆಕೆ ಕೂಗಿದ್ದು. ತಾನು ನಕ್ಕದ್ದು.

ಬೆಳಗ್ಗೆ ಜಂಬಯ್ಯನವರು ಬಂದಾಗ ಅವನು ಗೊಂಬೆಯೆದುರು ಕೂತಿದ್ದ. ಬಲಗೈ ಮಡಚಿತ್ತು.

"ಸರ, ಉಚ್ಚಂಗಮ್ಮನ ಗುಡ್ಡಕ್ಕ ಹೋಗಿ ಅಡ್ಡಬಿದ್ದು ಬರೂಣು, ಏಳ್ರಿ. ಮಾಡಿದವರು ನೀವಲ್ಲಂತ ತಾಯಿಗೆ ಹೇಳ್ಕ್ಯಂತೀನಿ."

ಪಾಲಾಕ್ಷ ತಲೆಯಲ್ಲಾಡಿಸಿದ. ಎಡಗೈಯೂ ನಿಧಾನವಾಗಿ ಮಡಚಿಕೊಳ್ಳುತ್ತಿತ್ತು.

"ತಾಯಿಗೆ ಸುಳ್ಳು ಹೇಳಬೇಡಿ, ಜಂಬಯ್ಯನವರೆ," ಎಂದ. "ಮಾಡಿದವನು ನಾನೇ."