ಗುಹೆಯ ಚುಕ್ಕೆ, ಟವೆಲ್ಲಿನ ನೂಲು

ಸೋಮವಾರ ಕ್ವಾರಿಯವರು ಗುಡ್ಡಕ್ಕೆ ಸಿಡಿಮದ್ದು ಇಡುತ್ತಾರೆ. ಅದನ್ನು ತಡೆಯಲು ಅದಕ್ಕೆ ಮೊದಲು ಗುಹೆಯ ಫೋಟೋ ಬೇಕು, ದೂಳಿಲ್ಲದ ಫೋಟೋ. ಗುಹೆಯ ಚಾವಣಿಯಲ್ಲಿ ಯಾವುದೋ ಕಾಲದ ಜನ ಕೆಮ್ಮಣ್ಣಿನಿಂದ ಸಾಲುಸಾಲು ಚುಕ್ಕೆ ಇಟ್ಟಿದ್ದರು. ಹೋದ ಸಲದ ಫೋಟೋ ನೋಡಿ ಪುರಾತತ್ವ ಇಲಾಖೆಯ ಅಧಿಕಾರಿ, "ಚುಕ್ಕೆ ಯಾವುದು, ನಿಮ್ಮ ಕ್ಯಾಮೆರಾದ ದೂಳು ಯಾವುದು? ಆಕಾಶದಲ್ಲೂ ಚುಕ್ಕೆ ಇದೆಯಲ್ರೀ!" ಎಂದು ವಾಪಸು ಕೊಟ್ಟಿದ್ದರು. ಅವರು ಹೇಳಿದ್ದು ನಿಜ. ಫೋಟೋ ತೆಗೆದಿದ್ದ ಸ್ಟುಡಿಯೋದವಳಿಗೆ ಹೆಚ್ಚು ಉರಿದದ್ದು ಅದಕ್ಕೇ.

ಮತ್ತೆ ಹೊರಟರು. ಅವಳು, ವ್ಯಾನ್ ಓಡಿಸುವ ಅವಳ ತಮ್ಮ, ಗುಹೆಯನ್ನು ಮೊದಲು ಕಂಡ ಕಲ್ಲುಕುಟಿಗ. ಅವನನ್ನು ಎಲ್ಲರೂ ಕರೆಯುವುದು ಉಳಿಯಣ್ಣ ಎಂದೇ.

ಗುಡ್ಡದ ಒಂದು ಮಗ್ಗುಲನ್ನು ಕ್ವಾರಿ ಆಗಲೇ ತಿಂದು ಮುಗಿಸಿತ್ತು. ಉಳಿದ ಮಗ್ಗುಲಿನ ಮುಳ್ಳುಪೊದೆ, ಹುಲ್ಲು, ಓತಿಕ್ಯಾತದ ಬೆನ್ನು, ಎಲ್ಲದರ ಮೇಲೂ ಹಿಟ್ಟು ಚೆಲ್ಲಿದಂತೆ ಬಿಳಿ ದೂಳು. ಗಾಳಿ ಬೀಸಿದಾಗಲೆಲ್ಲ ಅದು ಎದ್ದು ಮೂಗು, ಕಿವಿ, ಹಲ್ಲಿನ ಸಂದಿಗೆ ನುಗ್ಗುತ್ತಿತ್ತು. ಹತ್ತಿ ಹತ್ತಿ ಮೂವರ ಮಾತೂ ನಿಂತುಹೋಯಿತು.

ಗುಹೆಯೊಳಗೆ ಕೂತು ಅವಳು, ಕ್ಯಾಮೆರಾದಲ್ಲಿ ದೂಳಿದೆಯೇ ಎಂದು ತಿಳಿಯಲು, ಬಿಳಿ ಹಾಳೆಯ ಒಂದು ಫೋಟೋ ತೆಗೆದು, ಹಿಗ್ಗಿಸಿ ನೋಡಿದಳು.

ಮಧ್ಯದಲ್ಲೇ ಕೂದಲಿನಂಥ ಒಂದು ಎಳೆ.

"ಇದೆಲ್ಲಿಂದ ಬಂತು? ರಾತ್ರಿ ಒರೆಸಿ, ಕ್ಯಾಮೆರಾ ಬಾಯಿ ತೆರೆದು ಮೇಜಿನ ಮೇಲಿಟ್ಟಿದ್ದೆ. ಲೆನ್ಸ್ ತರೋದಕ್ಕೆ ಒಳಗೆ ಹೋದೆ, ಅಷ್ಟೆ!"

ತಮ್ಮ ತಲೆ ಕೆರೆದುಕೊಂಡ. "ದೂಳು ಬೀಳ್ಬಾರ್ದು ಅಂತ ನಾನೇ ಟವೆಲ್ ಮುಚ್ಚಿದ್ದೆ ಅಕ್ಕ. ನೀನು ಬರೋ ಸದ್ದಾಯ್ತು, ತೆಗೆದೆ. ಹೊಸಾ ಟವೆಲ್ಲೇ ಕಣೆ!"

"ಹೊಸದು! ಅದಕ್ಕೇ ನೂಲು ಉದುರಿದೆ. ನಿನ್ನ ತಲೆಗೆ ಮುಚ್ಚಿಕೋಬೇಕಿತ್ತು!"

ಈಗ ಕ್ಯಾಮೆರಾ ಇಲ್ಲೇ ಬಿಚ್ಚಬೇಕು. ಹೊರಗೆ ಕ್ವಾರಿಯ ಗಾಳಿ. ಒಳಗೆ ಕಾಲಿಟ್ಟಲ್ಲೆಲ್ಲ ಒಣಗಿದ ಬಾವಲಿ ಹಿಕ್ಕೆ ಪುಡಿಪುಡಿಯಾಗಿ ಏಳುತ್ತಿತ್ತು.

"ಊದಿಬಿಡ್ಲಾ?" ಎಂದ ತಮ್ಮ.

"ಉಗುಳು ಬಿದ್ರೆ ಅದೊಂದು ಹೊಸ ಚುಕ್ಕೆ. ಬಾಯಿ ಮುಚ್ಕೊಂಡು ನೀರಿನ ಕ್ಯಾನ್ ಕೊಡು."

ಉಳಿಯಣ್ಣ ಗಾಬರಿಯಾದ. "ತಾಯಿ, ಕೆಳಗಿಳಿಯೋ ತನಕ ಕುಡಿಯೋಕಿರೋದು ಅಷ್ಟೇ."

"ಗೊತ್ತು."

ಒಂದೊಂದು ಗುಟುಕು ಕುಡಿದರು. ಉಳಿದದ್ದನ್ನೆಲ್ಲ ಅವಳು ನೆಲಕ್ಕೆ ಚಿಮುಕಿಸಿದಳು. ದೂಳು ತಣ್ಣಗೆ ಕೂತಿತು.

ಇಬ್ಬರೂ ಅವಳ ತಲೆಯ ಮೇಲೆ ರೇನ್‌ಕೋಟು ಹಿಡಿದರು. ಅವಳು ಲೆನ್ಸ್ ಬಿಚ್ಚಿ, ಕ್ಯಾಮೆರಾವನ್ನು ಬಾಯಿ ಕೆಳಗೆ ಮಾಡಿ ಹಿಡಿದು, ಗಾಳಿ ಊದುವ ರಬ್ಬರ್ ಬ್ಲೋವರ್ ಹಿಚುಕಿದಳು.

ಮತ್ತೆ ಹಾಳೆಯ ಫೋಟೋ. ಎಳೆ ಅಲ್ಲೇ ಇತ್ತು.

ಮತ್ತೆ ಬಿಚ್ಚಿದಳು. ಬೆವರು ಹುಬ್ಬಿನಿಂದ ಜಾರಿತು. ಅವಳು ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಉರಿಸಿಕೊಂಡು ಹಿಚುಕುತ್ತಲೇ ಇದ್ದಳು. ತಮ್ಮನಿಗೆ ಸೀನು ಬಂತು. ಉಳಿಯಣ್ಣ ಅವನ ಮೂಗು ಬಲವಾಗಿ ಹಿಂಡಿ ಹಿಡಿದ.

ಈ ಸಲದ ಫೋಟೋದಲ್ಲಿ ಹಾಳೆ ಬೆಳ್ಳಗಿತ್ತು.

ಚಾವಣಿಯ ಚುಕ್ಕೆಗಳನ್ನೆಲ್ಲ ತೆಗೆದಳು. ಹೊರಬಂದು ಬರಿಯ ಆಕಾಶವನ್ನೂ ತೆಗೆದಳು.

ಇಳಿಯುವಾಗ ಬಿಸಿಲು ನೆತ್ತಿ ಒಡೆಯುತ್ತಿತ್ತು. ನಾಲಿಗೆ ಅಂಗುಳಿಗೆ ಅಂಟಿತು. ತಮ್ಮನ ಕಾಲಡಿ ಕಲ್ಲು ಸರಿಯಿತು. ಅವನು ಬೆನ್ನ ಮೇಲೆ ಜಾರಿದ. ಕ್ಯಾಮೆರಾ ಚೀಲವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದ. ಪೊದೆಯೊಂದು ತಡೆಯಿತು.

"ಎಲ್ಲಿ ಪೆಟ್ಟಾಯ್ತೋ?" ಅಕ್ಕ ಓಡಿದಳು.

"ಮೊದ್ಲು ಕ್ಯಾಮೆರಾ ಕೇಳ್ತೀಯ ಅಂದ್ಕೊಂಡಿದ್ದೆ."

"ಅದನ್ನೇ ಕೇಳೋಕೆ ಹೋದೆ. ಬಾಯಿ ಒಣಗಿತ್ತು, ತಪ್ಪಿ ನಿನ್ನನ್ನ ಕೇಳಿದೆ."

ಕಚೇರಿಯಲ್ಲಿ ಅಧಿಕಾರಿ ಫೋಟೋವನ್ನು ಕಂಪ್ಯೂಟರಿಗೆ ಹಾಕಿಕೊಂಡರು. ಪರದೆಯ ಮೇಲಿನ ಒಂದು ಚುಕ್ಕೆಯನ್ನು ಬೆರಳಿನಿಂದ ಒರೆಸಿದರು. ಕರವಸ್ತ್ರದಿಂದ ಉಜ್ಜಿದರು. ಅದು ಹೋಗಲಿಲ್ಲ. ಆಕಾಶದ ಫೋಟೋ ತೆರೆದರು. ಅಲ್ಲಿ ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ.

ಕ್ವಾರಿಗೆ ಫೋನು ಮಾಡಿದರು. "ಸೋಮವಾರದ ಕೆಲಸ ನಿಲ್ಲಿಸಿ. ನಾನೇ ಹತ್ತಿ ನೋಡ್ತೀನಿ."

ಫೋನಿಟ್ಟು ಕೇಳಿದರು. "ದಾರಿ ತೋರ್ಸೋಕೆ ನಾಳೆ ಯಾರು ಬರ್ತೀರಿ?"

ತಮ್ಮ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ. ಉಳಿಯಣ್ಣ ಮೊಣಕಾಲು ನೀವಿಕೊಳ್ಳುತ್ತ ಗೋಡೆ ನೋಡಿದ.

"ನಾನೇ ಬರ್ತೀನಿ ಸಾರ್," ಎಂದಳು ಸ್ಟುಡಿಯೋದವಳು. "ಆದ್ರೆ ನಾಳಿದ್ದು. ನಾಳೆ ನಾನು ಏಳೋದಿಲ್ಲ."